ಪೆರ್ನಾಲ್ ದಿನವೂ ನೋಂಬು ಹಿಡಿಯುವವರು

ನಮ್ಮ ಮನೆಯ ಕಥೆಯಿಂದಲೇ ಶುರು ಮಾಡುತ್ತೇವೆ. ಬೇರೆಯವರ ಅಡುಗೆಕೋಣೆಗೆ ಇಣುಕುವುದಕ್ಕಿಂತ ಅದೇ ಒಳ್ಳೆಯದು.

2025ರ ಚೆರಿಯ ಪೆರ್ನಾಲ್. ಮಾರ್ಚ್ 31, ಸೋಮವಾರ. ಕರಾವಳಿಯ ಸೆಕೆ ಕೇಳಬೇಕೇ? ಈದ್ ನಮಾಝ್ ಮುಗಿಸಿ ಬಂದ ನಾವು ಗಂಡಸರು ಹೊಸ ಬಟ್ಟೆಯಲ್ಲೇ ಚಾವಡಿಯ ಫ್ಯಾನಿನಡಿ ಕುಳಿತೆವು. ನೆಂಟರು ಬಂದರು, ಹೋದರು, ಮತ್ತೆ ಬೇರೆಯವರು ಬಂದರು. ಮಧ್ಯಾಹ್ನ ಮೂರು ಸಲ ಸುಪ್ರ ಹಾಸಿದ್ದಾಯಿತು. ಬಿರಿಯಾನಿಯನ್ನು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ನಾವೇ ಬೇಯಿಸಿದವರ ಹಾಗೆ ಕುಳಿತಲ್ಲೇ ಸ್ವೀಕರಿಸಿದೆವು.

ಅಸರ್ ಬಾಂಗ್ ಆದ ಮೇಲೆ ನೀರು ಕುಡಿಯಲೆಂದು ಒಳಗೆ ಹೋದರೆ ಉಮ್ಮ ಒಲೆಯ ಪಕ್ಕ ನಿಂತುಕೊಂಡೇ ತಿನ್ನುತ್ತಿದ್ದರು. ಪಾತ್ರೆಯ ತಳದಲ್ಲಿ ಉಳಿದ ಅನ್ನ, ಅದಕ್ಕೆ ಎರಡು ಸೌಟು ಮಸಾಲೆ. ಮಾಂಸ ಮುಗಿದಿತ್ತು. ಬೆಳಗ್ಗೆ ಒಂದು ಗ್ಲಾಸು ಚಹಾ ಕುಡಿದದ್ದು ಬಿಟ್ಟರೆ ಅದೇ ಮೊದಲ ಊಟ. "ಕೂತು ತಿನ್ನಬಹುದಲ್ಲ ಉಮ್ಮ" ಎಂದೆವು. "ಕೂತ್ರೆ ಮತ್ತೆ ಏಳ್ಲಿಕ್ಕೆ ಆಗುದಿಲ್ಲ ಮೋನೇ" ಎಂದರು.

ಒಂದು ತಿಂಗಳು ಹಗಲಿಡೀ ನೋಂಬು ಹಿಡಿದವರು ಅವರು. ಪೆರ್ನಾಲ್ ದಿನ ನೋಂಬು ಹಿಡಿಯುವುದು ನಿಷಿದ್ಧ ಎಂಬುದು ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆ ಒಂದು ದಿನ ಉಣ್ಣುವುದೇ ಇಬಾದತ್. ಅಂಥ ದಿನ ನಮ್ಮ ಉಮ್ಮ ಅಸರ್ ತನಕ ಹೆಚ್ಚುಕಡಿಮೆ ನೋಂಬಿನಲ್ಲೇ ಇದ್ದರು. ಇದು ನಮ್ಮ ಮನೆಯಲ್ಲಿ ಮಾತ್ರ ಎಂದಾದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ಆದರೆ ಪರಿಚಯದ ನಾಲ್ಕು ಮನೆಗಳಲ್ಲಿ ಕೇಳಿದೆವು. ನಾಲ್ಕರಲ್ಲಿಯೂ ಹೆಂಗಸರು ಮೊದಲು ನಕ್ಕರು, ಆಮೇಲೆ ಇದೇ ಕಥೆ ಹೇಳಿದರು.

ಹಾಗಾದರೆ ಪೆರ್ನಾಲ್ ಊಟ ಚೆನ್ನಾಗಿ ಆಯಿತು ಅಂತ ನಾವು ಹೇಳುವುದು ಯಾವ ಲೆಕ್ಕದಲ್ಲಿ? ಎಷ್ಟು ಬಗೆ ಇತ್ತು ಎನ್ನುವುದರಲ್ಲೋ, ಎಷ್ಟು ಜನ ಬಂದರು ಎನ್ನುವುದರಲ್ಲೋ? ನಮಗೆ ಈಗ ಅನಿಸುವುದು, ಕೇಳಬೇಕಾದ ಪ್ರಶ್ನೆ ಒಂದೇ: ಬೇಯಿಸಿದವರು ಬಿಸಿ ಇರುವಾಗ ಕುಳಿತು ಉಂಡರೇ? ಇಲ್ಲ ಎಂದಾದರೆ ಊಟ ಸರಿಯಾಗಲಿಲ್ಲ ಎಂದೇ ಅರ್ಥ.

ಇದಕ್ಕೆ ಸಿಗುವ ಉತ್ತರ ನಮಗೆ ಗೊತ್ತುಂಟು. "ವರ್ಷಕ್ಕೆ ಎರಡು ದಿನ ಅಲ್ವಾ ಮಾರಾಯ್ರೆ, ಅವರಿಗೂ ಅದರಲ್ಲೇ ಸಂತೋಷ." ಸಂತೋಷ ಇಲ್ಲವೆಂದು ನಾವು ಹೇಳುವುದಿಲ್ಲ. ತನ್ನ ಕೈಯ ನೈಪತ್ತಿರ್ ತಿಂದು ತಂಗಿಯ ಮಕ್ಕಳು ಇನ್ನೊಂದು ಕೇಳಿದಾಗ ಉಮ್ಮನ ಮುಖ ಹೇಗಾಗುತ್ತದೆ ಎಂದು ನೋಡಿದ್ದೇವೆ. ಆದರೆ ಬಡಿಸುವ ಸಂತೋಷ ಬೇರೆ, ಸೊಂಟ ಬೀಳುವ ತನಕ ದುಡಿಯುವುದು ಬೇರೆ. ಎರಡನ್ನೂ ಒಂದೇ ಎಂದು ಹೇಳಿದರೆ ನಮಗೆ ಅನುಕೂಲ, ಅಷ್ಟೆ.

ಇನ್ನೊಂದು ಮಾತು: "ಗಂಡಸರಿಗೆ ಅಡುಗೆಕೋಣೆಯ ಕೆಲಸ ಎಲ್ಲಿ ಬರ್ತದೆ?" ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ನಮ್ಮ ಮದುವೆ ಮನೆಯ ದೊಡ್ಡ ಚೆಂಬುಗಳಲ್ಲಿ ಬಿರಿಯಾನಿ ಬೇಯಿಸುವವರು ಯಾರು? ರಂಝಾನ್‌ನಲ್ಲಿ ಮಸೀದಿಯ ಇಫ್ತಾರಿಗೆ ಹಣ್ಣು ಕತ್ತರಿಸಿ, ಶರಬತ್ತು ಕಲಸಿ, ನೂರಾರು ಜನರಿಗೆ ಬಡಿಸಿ, ಕೊನೆಗೆ ಸುಪ್ರ ಮಡಚಿ ಗುಡಿಸುವವರು ಯಾರು? ನಮ್ಮದೇ ಹುಡುಗರು. ಮಸೀದಿಯಲ್ಲಿ ಅಷ್ಟು ಚುರುಕಾಗಿ ಓಡಾಡುವ ಹುಡುಗ ಮನೆಗೆ ಬಂದ ಮೇಲೆ ನೀರಿನ ಜಗ್ಗು ಎತ್ತುವುದಿಲ್ಲ ಎಂದರೆ ಅದು ಕೆಲಸ ಗೊತ್ತಿಲ್ಲದ್ದಲ್ಲ, ಅಭ್ಯಾಸ ಇಲ್ಲದ್ದು. ಪ್ರವಾದಿಯವರು (ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು, ಬಾಂಗ್ ಆದಾಗ ನಮಾಝಿಗೆ ಹೊರಡುತ್ತಿದ್ದರು ಎಂದು ಆಯಿಶಾ (ರ) ಅವರೇ ಹೇಳಿದ್ದನ್ನು ಉಸ್ತಾದರ ಬಾಯಿಂದ ಎಷ್ಟು ಸಲ ಕೇಳಿಲ್ಲ ನಾವು?

ಬೈದು ಸುಮ್ಮನಾಗುವುದು ಸರಿಯಲ್ಲ. ಮುಂದಿನ ಪೆರ್ನಾಲಿಗೆ ಎಂತ ಮಾಡಬಹುದು ಎಂದೂ ನೋಡೋಣ.

ಮೊದಲನೆಯದು, ಬಗೆ ಕಡಿಮೆ ಮಾಡುವುದು. ಬಿರಿಯಾನಿ ಇರುವಾಗ ನೈಚೋರ್ ಬೇಕೇ? ಪತ್ತಿರ್ ಇರುವಾಗ ಪರೋಟ ಯಾಕೆ? ಒಂದು ಅನ್ನದ ಅಡುಗೆ, ಒಂದು ಪತ್ತಿರ್, ಅದಕ್ಕೊಂದು ಸಾರು, ಒಂದು ಸಿಹಿ. ಇಷ್ಟು ಸಾಕು. ಕಲ್ತಪ್ಪ, ಗುಳಿಯಪ್ಪದಂಥ ತಿಂಡಿ ಬೇಕೇ ಬೇಕೆಂದರೆ ಅವನ್ನು ಮನೆಯಲ್ಲೇ ಮಾಡಿ ಮಾರುವ ಎಷ್ಟೋ ಸಹೋದರಿಯರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಒಂದು ವಾರ ಮೊದಲೇ ಹೇಳಿ, ಅರ್ಧ ಹಣ ಆಗಲೇ ಕೊಟ್ಟು, ಉಳಿದದ್ದನ್ನು ತಿಂಡಿ ತರುವ ದಿನವೇ ಕೊಡೋಣ. ಅವರ ಮನೆಯಲ್ಲೂ ಪೆರ್ನಾಲ್ ಇರುತ್ತದೆ, ಅದು ಮರೆಯಬಾರದು.

ಎರಡನೆಯದು, ಲೆಕ್ಕ. ಎಷ್ಟು ಜನ ಬರುತ್ತಾರೆ ಎಂದು ಫೋನ್ ಮಾಡಿ ಕೇಳುವುದರಲ್ಲಿ ನಾಚಿಕೆ ಇಲ್ಲ. ಪತ್ತಿರ್, ಸಿಹಿಯೂ ಇದ್ದರೆ ಒಂದು ಕಿಲೋ ಅಕ್ಕಿಯ ಬಿರಿಯಾನಿ ಎಂಟರಿಂದ ಹತ್ತು ಜನರಿಗೆ ಧಾರಾಳ. ಇಪ್ಪತ್ತೈದು ಜನರಿಗೆ ಮೂರು ಕಿಲೋ ಸಾಕಾಗುವಲ್ಲಿ "ಕಡಿಮೆಯಾದರೆ ಮರ್ಯಾದೆ ಹೋಗ್ತದೆ" ಎಂದು ಐದು ಕಿಲೋ ಹಾಕಿಸುವವರು ನಾವೇ. ಅನಿರೀಕ್ಷಿತವಾಗಿ ಒಬ್ಬರು ಬಂದರೆ ಇಬ್ಬರ ಊಟ ಮೂವರಿಗೆ ಸಾಕಾಗುತ್ತದೆ ಎಂಬ ಹದೀಸ್ ನೆನಪಿರಲಿ.

ಮೂರನೆಯದು, ಚಂದ್ರನ ವಿಷಯ. ನಾಳೆಯೋ ನಾಡಿದ್ದೋ ಎಂದು ಗೊತ್ತಾಗುವುದೇ ಮಗ್ರಿಬ್ ಆದ ಮೇಲೆ. ಆಮೇಲೆ ಪೇಟೆಗೆ ಓಡಿ, ರಾತ್ರಿ ಹನ್ನೊಂದಕ್ಕೆ ಮಾಂಸ ತಂದು ಅಡುಗೆಕೋಣೆಯಲ್ಲಿ ಇಳಿಸಿದರೆ ಒಳಗಿನವರಿಗೆ ಆ ರಾತ್ರಿ ನಿದ್ದೆ ಇಲ್ಲ. ಶುಂಠಿ ಬೆಳ್ಳುಳ್ಳಿ ಅರೆಯುವುದು, ಮಸಾಲೆ ಹುಡಿ ಮಾಡುವುದು, ನೀರುಳ್ಳಿ ಹುರಿದಿಡುವುದು ಇವೆಲ್ಲ ಎರಡು ದಿನ ಮೊದಲೇ ಮುಗಿಸಬಹುದು. ಕೆಟ್ಟುಹೋಗದ ಸಾಮಾನು ರಂಝಾನ್ ಅರ್ಧದಲ್ಲೇ ತರಬಹುದು. ಮನೆ ತೊಳೆಯುವುದು, ಪರದೆ ಒಗೆಯುವುದು ಕೊನೆಯ ಹತ್ತಕ್ಕೆ ಇಡುವುದು ಬೇಡ. ಆ ರಾತ್ರಿಗಳ ಪುಣ್ಯ ಗಂಡಸರಿಗೆ ಮಾತ್ರ ಇರುವುದಲ್ಲವಲ್ಲ? ಬೆಂಗಳೂರಿನಿಂದಲೋ ಗಲ್ಫ್‌ನಿಂದಲೋ ಬರುವವರಿದ್ದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಒಂದು ದಿನ, ಇಲ್ಲಿ ಒಂದು ದಿನ ಪೆರ್ನಾಲ್ ಆದದ್ದುಂಟು. ಟಿಕೆಟ್ ಮಾಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಲಿ.

ನಾಲ್ಕನೆಯದು, ಕೆಲಸ ಹಂಚುವುದು. ಇದನ್ನು ಪೆರ್ನಾಲ್ ಬೆಳಗ್ಗೆ ಹೇಳಿದರೆ ಆಗುವುದಿಲ್ಲ, ಹಿಂದಿನ ರಾತ್ರಿಯೇ ಹೆಸರು ಹಿಡಿದು ಹೇಳಬೇಕು. ಮಾಂಸ ತೊಳೆಯುವುದು, ದಮ್‌ಗೆ ಇಡುವುದು, ಭಾರದ ಪಾತ್ರೆ ಇಳಿಸುವುದು ಗಂಡಸರಿಗೆ. ಸುಪ್ರ ಹಾಸುವುದು, ಬಡಿಸುವುದು, ತಟ್ಟೆ ಎತ್ತುವುದು ದೊಡ್ಡ ಹುಡುಗರಿಗೆ. ಕೈ ತೊಳೆಯಲು ನೀರು, ಟವೆಲು, ಬಾಗಿಲ ಹತ್ತಿರದ ಚಪ್ಪಲಿ ಸಣ್ಣವರಿಗೆ. ಪೆರ್ನಾಲ್ ಪೈಸೆ ಆಸೆಗೆ ಅವರು ಓಡಿ ಓಡಿ ಮಾಡುತ್ತಾರೆ. ಪಾತ್ರೆ ತೊಳೆಯುವುದು ಮಾತ್ರ ಯಾರ ಹೆಸರಿಗೂ ಬರುವುದಿಲ್ಲ, ಕೊನೆಗೆ ಮನೆಯ ಸೊಸೆಯ ತಲೆಗೇ ಬೀಳುತ್ತದೆ. ಅದಕ್ಕೆ ಎರಡು ಹೆಸರು ಗಟ್ಟಿ ಬರೆದಿಡಿ.

ಐದನೆಯದು, ಸುಪ್ರದ ಸರದಿ. ಚೆರಿಯ ಪೆರ್ನಾಲಿನಲ್ಲಿ ನಮಾಝಿಗೆ ಹೊರಡುವ ಮೊದಲು ಒಂದೋ ಮೂರೋ ಖರ್ಜೂರ ತಿನ್ನುವುದು ಸುನ್ನತ್. ಅಡುಗೆಕೋಣೆಯವರೂ ತಿಂದರೇ ಎಂದು ನೋಡಿಯೇ ನಾವು ಮೆಟ್ಟಿಲು ಇಳಿಯಬೇಕು. ಮಧ್ಯಾಹ್ನ ಮೊದಲ ಸುಪ್ರ ಗಂಡಸರಿಗೆ ಎಂಬುದು ಯಾವ ಕಿತಾಬಿನಲ್ಲೂ ಬರೆದದ್ದಲ್ಲ. ಒಳಗೆ ಇನ್ನೊಂದು ಸುಪ್ರ ಅದೇ ಹೊತ್ತಿಗೆ ಹಾಸಬಹುದು. ಆಗದಿದ್ದರೆ ಅವರ ಪಾಲಿನ ಮಾಂಸ, ಪತ್ತಿರ್ ಮೊದಲೇ ತೆಗೆದು ಮುಚ್ಚಿಡಬಹುದು. ತಳದಲ್ಲಿ ಉಳಿದದ್ದು ಅವರ ಪಾಲಾಗಬಾರದು.

ನೆರೆಯವರ ವಿಷಯವನ್ನೂ ಹೇಳಬೇಕು. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಮನೆಯವರನ್ನು ನೆನಪಿಡಬೇಕೆಂಬ ಪ್ರವಾದಿಯವರ (ಸ) ಉಪದೇಶದಲ್ಲಿ ನೆರೆಯವರು ಯಾವ ಧರ್ಮದವರು ಎಂಬ ಪ್ರಶ್ನೆಯೇ ಇಲ್ಲ. ಆದರೆ ಆ ಮಾರ್ಚ್ 31 ಸೋಮವಾರ ಆಗಿತ್ತು. ನಮ್ಮ ಪಕ್ಕದ ಮನೆಯವರು ಸೋಮವಾರ ಮಾಂಸ ಮುಟ್ಟುವುದಿಲ್ಲ. ನಾವು ಯೋಚಿಸದೆ ಬಿರಿಯಾನಿಯ ಡಬ್ಬಿ ಕಳಿಸಿದೆವು. ಅವರು ನಗುತ್ತಲೇ ತೆಗೆದುಕೊಂಡರು, ಆದರೆ ಅವರಿಗೆ ಕಷ್ಟಕ್ಕೆ ಬಂತು ಎಂದು ಮತ್ತೆ ಗೊತ್ತಾಯಿತು. ಸೋಮವಾರ, ಸಂಕ್ರಾಂತಿ, ವ್ರತದ ದಿನ ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಬೇರೆ ಪಾತ್ರೆಯಲ್ಲಿ ಮಾಡಿದ ಶ್ಯಾವಿಗೆ ಪಾಯಸ, ಒಂದಿಷ್ಟು ಹಣ್ಣು ಕಳಿಸಿದರೂ ಪ್ರೀತಿ ಅಷ್ಟೇ ತಲುಪುತ್ತದೆ.

ಉಳಿದ ಅನ್ನದ ಬಗ್ಗೆಯೂ ಜಾಗ್ರತೆ ಬೇಕು. ನಮ್ಮ ಸೆಕೆಗೆ ಬೇಯಿಸಿದ ಅನ್ನ ಪಾತ್ರೆಯಲ್ಲೇ ಸಂಜೆ ತನಕ ಇದ್ದರೆ ಹಾಳಾಗುತ್ತದೆ, ವಾಸನೆ ಬಾರದೆಯೂ ಹೊಟ್ಟೆ ಕೆಡಿಸುತ್ತದೆ. ಊಟ ಮುಗಿದ ಕೂಡಲೇ ಅಗಲ ಪಾತ್ರೆಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು. ಯಾರಿಗಾದರೂ ಕೊಡುವುದಿದ್ದರೆ ಬಿಸಿ ಇರುವಾಗಲೇ ಕೊಡಬೇಕು. ರಾತ್ರಿ ಹತ್ತಕ್ಕೆ ಹಳಸುವ ಹೊತ್ತಿನಲ್ಲಿ ಕೊಡುವುದು ದಾನವಲ್ಲ.

ಇಷ್ಟೆಲ್ಲ ಹೇಳಿದವರು ಮಾಡಿ ನೋಡಿದಿರಾ ಎಂದು ಕೇಳಬಹುದು. ಅದೇ ವರ್ಷ ಜೂನ್ 7ರ ಬಲಿಯ ಪೆರ್ನಾಲಿಗೆ ಮಾಡಿ ನೋಡಿದೆವು. ಎಲ್ಲವೂ ಸರಿಯಾಗಲಿಲ್ಲ. ಕುರ್ಬಾನಿ ಮಾಂಸ ಬರುವುದು ತಡವಾಯಿತು. ಅದನ್ನು ತೊಳೆದು ಪಾಲು ಮಾಡುವಷ್ಟರಲ್ಲಿ ನಮ್ಮ ಬೆನ್ನು ನೋಯಲು ಶುರುವಾಗಿ, ಇಷ್ಟು ವರ್ಷ ಇದನ್ನು ಮಾಡಿದವರು ಯಾರೆಂದು ನೆನಪಾಯಿತು. ದಮ್ ಇಟ್ಟ ಹುಡುಗ ಮೊಬೈಲ್ ನೋಡುತ್ತಾ ಕುಳಿತು ಬಿರಿಯಾನಿಯ ಅಡಿ ಹಿಡಿಯಿತು. ಹತ್ತಿರದ ನೆಂಟರೊಬ್ಬರು ಸುಪ್ರ ನೋಡಿ "ಈ ಸಲ ಇಷ್ಟೇಯಾ?" ಎಂದರು. ಹೌದು, ಇಷ್ಟೇ ಎಂದೆವು. ಅವರು ಎರಡು ಸಲ ಹಾಕಿಸಿಕೊಂಡು ಉಂಡರು.

ಉಮ್ಮ ಮಾತ್ರ ಅಂದು ಎರಡು ಗಂಟೆಗೆ ನಮ್ಮೊಟ್ಟಿಗೆ ಕುಳಿತು ಉಂಡರು. ಅಡಿ ಹಿಡಿದ ಬಿರಿಯಾನಿಗೆ ಹುಡುಗನನ್ನು ಎರಡು ಮಾತು ಬೈದರು, ಬೈಯುತ್ತಲೇ ಇನ್ನೊಂದು ಸೌಟು ಹಾಕಿಸಿಕೊಂಡರು. ಅಸರ್ ನಮಾಝ್ ಆದ ಮೇಲೆ ಹೊಸ ಸೀರೆ ಉಟ್ಟು, ಕೊಡೆ ಹಿಡಿದು, ಮಳೆಯಲ್ಲೇ ತಂಗಿಯ ಮನೆಗೆ ಹೊರಟರು. ಪೆರ್ನಾಲ್ ದಿನವೇ ತಂಗಿಯ ಮನೆಗೆ ಹೋಗದೆ ಎಷ್ಟು ವರ್ಷ ಆಯಿತೆಂದು ಅವರಿಗೂ ಲೆಕ್ಕ ಇರಲಿಲ್ಲ, ನಮಗೂ ಇರಲಿಲ್ಲ.

ಮುಂದಿನ ಪೆರ್ನಾಲಿಗೆ ಚಾವಡಿಯಲ್ಲಿ ಕುಳಿತು ಬಿರಿಯಾನಿಯ ಹೊಗಳಿಕೆ ಕೇಳುವ ಮೊದಲು ಒಂದು ಸಲ ಒಳಗೆ ಹೋಗಿ ಬನ್ನಿ. ಅವರು ಉಂಡರೇ ಎಂದು ನೋಡಿ ಬನ್ನಿ. ಸರ್ವರಿಗೂ ಈದ್ ಮುಬಾರಕ್.