ಸೋಡಿಯಂ ಇಳಿದಾಗ ಯಾವ ಮೂತ್ರವರ್ಧಕ?

ಹೃದಯ ವೈಫಲ್ಯದಿಂದ ಕಾಲು ಊದಿಕೊಂಡ ರೋಗಿಯ ರಕ್ತಪರೀಕ್ಷೆಯಲ್ಲಿ ಸೋಡಿಯಂ ಲೀಟರಿಗೆ 125 ಮಿಲಿಮೋಲ್ ಎಂದು ಬಂದಾಗ ಎರಡು ತೀರ್ಮಾನಗಳು ತಟ್ಟನೆ ಹುಟ್ಟುತ್ತವೆ. ದೇಹದಲ್ಲಿ ಉಪ್ಪು ಕಡಿಮೆಯಾಗಿದೆ ಎಂಬುದು ಒಂದು. ಆದ್ದರಿಂದ ಉಪ್ಪನ್ನು ಹೊರಹಾಕುವ ಮೂತ್ರವರ್ಧಕವನ್ನು, ಅಂದರೆ ಮನೆಮಂದಿ ‘ನೀರು ಇಳಿಸುವ ಮಾತ್ರೆ’ ಎನ್ನುವ ಔಷಧವನ್ನು, ನಿಲ್ಲಿಸಬೇಕು ಎಂಬುದು ಇನ್ನೊಂದು. ಇಂಥ ರೋಗಿಯ ಮಟ್ಟಿಗೆ ಮೊದಲನೆಯದು ತಪ್ಪು. ಎರಡನೆಯದಕ್ಕೆ ಯಾವ ಮೂತ್ರವರ್ಧಕ ಎಂದು ಕೇಳದೆ ಉತ್ತರ ಕೊಡಲಾಗದು.

ಆರೋಗ್ಯವಂತರಲ್ಲಿ 135ರಿಂದ 145ರವರೆಗೆ ಇರುವ ಆ ಅಂಕಿ ದೇಹದ ಒಟ್ಟು ಸೋಡಿಯಂ ಎಷ್ಟೆಂದು ಹೇಳುವುದಿಲ್ಲ, ನೀರಿಗೆ ಹೋಲಿಸಿದರೆ ಅದು ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಸಾರಿಗೆ ಮತ್ತೆರಡು ಚೊಂಬು ನೀರು ಸುರಿದರೆ, ಹಾಕಿದ ಉಪ್ಪು ಪಾತ್ರೆಯಲ್ಲೇ ಇದ್ದರೂ ಸಾರು ಸಪ್ಪೆಯಾಗುತ್ತದೆ. ಬೆರಳೊತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುವ ಬಾವಿನೊಳಗೆ ಇರುವುದು ಉಪ್ಪುನೀರೇ. ಅಂಥವರ ದೇಹದಲ್ಲಿ ಸೋಡಿಯಂ ಹೆಚ್ಚೇ ಇರುತ್ತದೆ, ನೀರು ಅದಕ್ಕಿಂತಲೂ ಹೆಚ್ಚಾಗಿರುತ್ತದೆ. ದುರ್ಬಲ ಹೃದಯ ಅಪಧಮನಿಗಳನ್ನು ಸರಿಯಾಗಿ ತುಂಬಿಸದಾಗ ದೇಹವು ಅದನ್ನು ನೀರಿನ ಕೊರತೆಯೆಂದು ತಿಳಿದು ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಅದು ಮೂತ್ರಪಿಂಡದಲ್ಲಿ ನೀರನ್ನು ಹಿಡಿದಿಡುತ್ತದೆ. ಸೋಡಿಯಂ ಇಳಿದಿದೆಯೆಂದು ಮಜ್ಜಿಗೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿಕೊಡುವ ಮನೆಯವರ ಅಕ್ಕರೆ ಹೀಗಾಗಿ ಬಾವನ್ನೇ ಬೆಳೆಸುತ್ತದೆ, ಇದನ್ನು ಅವರಿಗೆ ಬಿಡಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ.

ಮೂತ್ರವರ್ಧಕಗಳನ್ನು ಬೇರೆಬೇರೆಯಾಗಿ ನೋಡಬೇಕಾದುದು ಇಲ್ಲಿಯೇ. ಮೂತ್ರಪಿಂಡದ ಸೂಕ್ಷ್ಮನಾಳದಲ್ಲಿ ಹೇರ್‌ಪಿನ್ನಿನಂತೆ ಬಾಗಿದ ಹೆನ್ಲೆ ಕುಣಿಕೆಯು ಒಳಭಾಗದ ಅಂಗಾಂಶವನ್ನು ಉಪ್ಪಾಗಿಸುತ್ತದೆ, ಆ ಉಪ್ಪಿನ ಸೆಳೆತದಿಂದಲೇ ವಾಸೊಪ್ರೆಸಿನ್ ನೀರನ್ನು ಹಿಂದಕ್ಕೆ ಎಳೆಯಬಲ್ಲದು. ಫ್ಯೂರೊಸೆಮೈಡ್, ಟಾರ್ಸೆಮೈಡ್‌ಗಳು ಈ ಕುಣಿಕೆಯನ್ನೇ ತಡೆಯುವುದರಿಂದ ಆ ಸೆಳೆತ ಕುಗ್ಗುತ್ತದೆ ಮತ್ತು ರಕ್ತಕ್ಕಿಂತ ತೆಳುವಾದ ಮೂತ್ರ ಹೊರಬೀಳುತ್ತದೆ. ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್‌ಥಾಲಿಡೋನ್‌ಗಳಂಥ ಥಯಾಜೈಡ್ ಗುಂಪಿನವು ಕುಣಿಕೆಯ ಮುಂದಿನ ಭಾಗದಲ್ಲಿ, ಮೂತ್ರ ತೆಳುವಾಗುವ ಜಾಗದಲ್ಲೇ ಕೆಲಸ ಮಾಡುತ್ತವೆ. ಒಳಭಾಗದ ಸೆಳೆತ ಹಾಗೆಯೇ ಉಳಿಯುವುದರಿಂದ ಉಪ್ಪು ಹೋಗುತ್ತದೆ, ನೀರು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ರಕ್ತದ ಸೋಡಿಯಂ 125 ಇರುವವರ ಮೂತ್ರದಲ್ಲಿ ಸೋಡಿಯಂ 70, ಪೊಟ್ಯಾಸಿಯಂ 30 ಇದ್ದರೆ, ಎರಡೂ ಸೇರಿ 100 ಆದ್ದರಿಂದ ರಕ್ತದ ಅಂಕಿ ಮೇಲೇರುವ ದಿಕ್ಕಿಗೆ ತಿರುಗುತ್ತದೆ, ಅದೇ ಮೊತ್ತ 150 ಆದರೆ ಪ್ರತಿ ಲೀಟರ್ ಮೂತ್ರವೂ ಅಂಕಿಯನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಹೋದಷ್ಟೂ ನೀರನ್ನು ರೋಗಿ ಕುಡಿದು ತುಂಬಿಸಿಕೊಂಡರೆ ಮೊದಲನೆಯ ಲಾಭವೂ ಉಳಿಯದು, ಆದ್ದರಿಂದ ಕುಡಿಯುವ ನೀರಿಗೂ ಮಿತಿ ಬೇಕು.

ಹಾಗಾಗಿ ಬಾವಿನ ಜೊತೆ ಸೋಡಿಯಂ ಕಡಿಮೆಯಿರುವ ಹೃದ್ರೋಗಿಗೆ ಮೊದಲು ಸಲ್ಲುವುದು ಕುಣಿಕೆಯ ಔಷಧವೇ, ಮೊದಲು ಕೈಬಿಡಬೇಕಾದುದು ಥಯಾಜೈಡ್. ಈ ಥಯಾಜೈಡ್ ರಕ್ತದೊತ್ತಡದ ಜೋಡಿ ಮಾತ್ರೆಗಳಲ್ಲಿ ಸದ್ದಿಲ್ಲದೆ ಸೇರಿರುತ್ತದೆ, ಹಲವು ಮಾತ್ರೆಗಳ ಹೆಸರಿನ ಕೊನೆಯ ‘ಎಚ್’ ಅಕ್ಷರವೊಂದೇ ಅದರ ಸುಳಿವು. ವರ್ಷಗಟ್ಟಲೆ ನುಂಗುತ್ತಿರುವ ಆ ಮಾತ್ರೆಯ ಪಟ್ಟಿಯನ್ನು ತರಿಸಿ ನೋಡದ ಚಿಕಿತ್ಸೆ ಅರೆಬರೆ.

ಯಕೃತ್ತಿನ ಸಿರೋಸಿಸ್‌ನಿಂದಾದ ಜಲೋದರದಲ್ಲಿ ಈ ತರ್ಕವನ್ನು ಹಾಗೆಯೇ ಒಯ್ಯಲಾಗದು. ಅಲ್ಲಿ ಉಪ್ಪನ್ನು ಹಿಡಿಯುವ ಅಲ್ಡೋಸ್ಟಿರೋನ್ ಹಾರ್ಮೋನನ್ನು ತಡೆಯುವ ಸ್ಪೈರನೊಲಾಕ್ಟೋನ್ ಮುಖ್ಯ ಔಷಧ, ಫ್ಯೂರೊಸೆಮೈಡ್ ಅದಕ್ಕೆ 100ಕ್ಕೆ 40 ಮಿಲಿಗ್ರಾಂ ಪ್ರಮಾಣದಲ್ಲಿ ಜೊತೆಯಾಗುತ್ತದೆ. ಸೋಡಿಯಂ 125ಕ್ಕಿಂತ ಕೆಳಗಿಳಿದರೆ ಮೂತ್ರವರ್ಧಕಗಳನ್ನು ನಿಲ್ಲಿಸುವುದೇ ರೂಢಿ, ಏಕೆಂದರೆ ಆ ರೋಗಿಯ ಮೂತ್ರಪಿಂಡಗಳು ಬೇಗನೆ ಕುಸಿಯುತ್ತವೆ.

ವಾಸೊಪ್ರೆಸಿನ್ನಿನ ಬಾಗಿಲನ್ನೇ ಮುಚ್ಚಿ ಬರೀ ನೀರನ್ನು ಹೊರಹಾಕುವ ಟಾಲ್ವಾಪ್ಟಾನ್ ಆಕರ್ಷಕವಾಗಿ ಕಂಡರೂ, 2007ರಲ್ಲಿ ಪ್ರಕಟವಾದ ‘ಎವರೆಸ್ಟ್’ ಅಧ್ಯಯನದಲ್ಲಿ ಅದು ಹೃದಯ ವೈಫಲ್ಯದ ರೋಗಿಗಳ ಆಯಸ್ಸನ್ನು ಹೆಚ್ಚಿಸಲಿಲ್ಲ. ಯಕೃತ್ತಿಗೆ ಹಾನಿಯಾದೀತೆಂದು ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಅದರ ಬಳಕೆಯನ್ನು 30 ದಿನಗಳಿಗೆ ಸೀಮಿತಗೊಳಿಸಿದರು. ಅದನ್ನು ಕೊಟ್ಟಾಗ ಅಂಕಿ ಏರದಿರುವುದಕ್ಕಿಂತ ಬೇಗ ಏರುವುದೇ ಹೆಚ್ಚು ಭಯದ ಸಂಗತಿ: ದಿನಕ್ಕೆ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರಿದರೆ ಮಿದುಳಿನ ನರತಂತುಗಳ ಹೊದಿಕೆ ಕಳಚಿ, ಮಾತು ಮತ್ತು ನುಂಗುವ ಶಕ್ತಿ ಹೋಗಬಹುದು. ಹೀಗಿರುವುದರಿಂದಲೇ ಅದನ್ನು ಆಸ್ಪತ್ರೆಯಲ್ಲಿ ಶುರುಮಾಡಿ, ಮೊದಲ ದಿನ ಕೆಲವು ತಾಸಿಗೊಮ್ಮೆ ರಕ್ತ ತೆಗೆದು ಸೋಡಿಯಂ ನೋಡಬೇಕಾಗುತ್ತದೆ.