ಲಂಡನ್ ಡ್ಯೂಟಿ ಕಥೆಗಳು – 14: ಓಡಿದವರು ಗಟ್ಟಿ, ಮಲಗಿದವರು ಪುಕ್ಕಲಾ?

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬೇಕಿತ್ತು, ಫ್ಯಾಮಿಲಿ ಗ್ರೂಪ್ ನೋಡಿ ನಿದ್ದೆ ಹಾರಿಹೋಯ್ತು. ಹಾಗಾಗಿ ಈ ಸಲದ ಕಂತು ಸ್ವಲ್ಪ ಖಾರ. ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡ್ರೂ ಪರವಾಗಿಲ್ಲ.

ಹೋದ ಕಂತಿನಲ್ಲಿ ಲಂಡನ್ ಮ್ಯಾರಥಾನ್ ಫೋಟೊ ಹಾಕಿದ್ದೆ. ಕ್ಯಾನ್ಸರ್, ಹಾರ್ಟ್ ಆಪರೇಷನ್ ಅಂತ ದೊಡ್ಡ ಕಾಯಿಲೆ ದಾಟಿ ಬಂದವರು ಚಾರಿಟಿ ಹೆಸರಿನ ಬನಿಯನ್ ಹಾಕ್ಕೊಂಡು ಗ್ರೀನಿಚ್‌ನಿಂದ ಬಕಿಂಗ್‌ಹ್ಯಾಮ್ ಅರಮನೆ ಹತ್ತಿರದವರೆಗೆ 42.195 ಕಿಲೋಮೀಟರ್ ಓಡ್ತಾರೆ, ಗುರುತಿನವರ ಹತ್ರ ದುಡ್ಡು ಎತ್ತಿ ಕೊಡ್ತಾರೆ ಅಂತ ಬರೆದಿದ್ದೆ. ಅದಕ್ಕೆ ಬಂದ ಮಾತುಗಳಲ್ಲಿ ಕೆಲವಕ್ಕೆ ನಗು ಬಂತು, ಒಂದಕ್ಕೆ ಮಾತ್ರ ಮೈ ಉರೀತು.

ನಗು ಬಂದಿದ್ದು ಮೊದಲು ಹೇಳ್ತೀನಿ. "ಕಾಯಿಲೆ ಬಂದಿದ್ದನ್ನ ಡಂಗುರ ಸಾರಿ ದುಡ್ಡು ಕೇಳೋದು ಭಿಕ್ಷೆ ಅಲ್ವೇನೇ, ಇದೆಲ್ಲ ಶೋಕಿ" ಅಂದ್ರು ಒಬ್ಬ ಮಾವ. ಮಾವ, ಪ್ರತಿ ವರ್ಷ ಗಣಪತಿ ಚಂದಾ ರಸೀದಿ ಪುಸ್ತಕ ಹಿಡ್ಕೊಂಡು ಅಂಗಡಿ ಅಂಗಡಿ ಹತ್ತೋರು ನೀವೇ ಅಲ್ವಾ? ಮಗನ ಕಾಯಿಲೆ ವಾಸಿಯಾಯ್ತು ಅಂತ ಹರಕೆ ಹೊತ್ತು ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯೋರಿಗೆ ಶೋಕಿ ಅಂತೀವಾ? ದಾರೀಲಿ ನಿಲ್ಲಿಸಿ ಮಜ್ಜಿಗೆ ಕೊಟ್ಟು ಕಳಿಸ್ತೀವಿ. ಇದೂ ಹರಕೆನೇ. ಇಲ್ಲಿ ಕಾಣಿಕೆ ಮುಖ ನೋಡದ ಯಾರೋ ರೋಗಿಗೆ ಹೋಗತ್ತೆ, ಅಷ್ಟೇ.

ಇನ್ನೊಬ್ಬರು ಕೇಳಿದ್ದು ಒಳ್ಳೆ ಪ್ರಶ್ನೆ. ಆಸ್ಪತ್ರೆ ಪುಕ್ಕಟೆ ಇರೋ ದೇಶದಲ್ಲಿ ಚಂದಾ ಯಾಕೆ? 1948ರಿಂದ ಇಲ್ಲಿ ಎನ್‌ಎಚ್‌ಎಸ್ ಇದೆ, ನಿಜ. ಆದ್ರೆ ಸಾಯೋ ಹೊತ್ತಿನ ಆರೈಕೆ ಮಾಡೋ ಹಾಸ್ಪಿಸ್‌ಗಳು ಬಹುತೇಕ ಚಾರಿಟಿಗಳು. ಇಂಗ್ಲೆಂಡಿನಲ್ಲಿ ದೊಡ್ಡವರ ಹಾಸ್ಪಿಸ್‌ಗಳಿಗೆ ಸರ್ಕಾರ ಕೊಡೋದು ಖರ್ಚಿನ ಸುಮಾರು ಮೂರನೇ ಒಂದು ಭಾಗ. ಉಳಿದಿದ್ದು ಹಳೇ ಬಟ್ಟೆ ಅಂಗಡಿ, ಉಯಿಲು, ಹೀಗೆ ಓಡೋರ ಕಾಲು. ಈ ಆರೈಕೆಗೆ ಹೊಸ ದಾರಿ ಹಾಕಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಇಲ್ಲೇ ಸೌತ್ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿದೆ. 1967ರಲ್ಲಿ ಅದನ್ನ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಡಾಕ್ಟರ್ ಆಗೋಕೆ ಮುಂಚೆ ನರ್ಸ್ ಆಗಿದ್ದವರು (ನಮ್ಮ ಜಾತಿಯವರು ಅಂತ ನಂಗೆ ಹೆಮ್ಮೆ!). 2025ರ ಏಪ್ರಿಲ್ 27ರ ಒಂದೇ ಓಟದಿಂದ ಚಾರಿಟಿಗಳಿಗೆ 8.73 ಕೋಟಿ ಪೌಂಡ್ ಸೇರ್ತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಸಾವಿರ ಕೋಟಿ ರೂಪಾಯಿ. ಓಡಿದವರಿಗೆ ದೊಡ್ಡ ನಮಸ್ಕಾರ. ಆದ್ರೆ ಸಾಯೋರ ಮಾರ್ಫಿನ್‌ಗೂ ರಾತ್ರಿ ಪಾಳಿ ನರ್ಸ್ ಸಂಬಳಕ್ಕೂ ಯಾರೋ ಓಡಬೇಕು ಅನ್ನೋದು ಇಲ್ಲಿನ ಸರ್ಕಾರಕ್ಕೆ ನಾಚಿಕೆಗೇಡು. ಅದನ್ನ ಇಲ್ಲಿ ಇದ್ಕೊಂಡೇ ಹೇಳ್ತೀನಿ.

ಈಗ ಮೈ ಉರಿದ ವಿಷಯ. ನಾನು ಹಾಕಿದ ಫೋಟೊನೇ ಯಾರೋ ತಗೊಂಡು, ಮೇಲೆ ಗುಲಾಬಿ ಹೂವು ಅಂಟಿಸಿ, "ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಕೂಡ ಓಡಿಹೋಗುತ್ತದೆ" ಅಂತ ಬರೆದು ಊರಿಗೆಲ್ಲ ಫಾರ್ವರ್ಡ್ ಮಾಡಿದ್ದಾರೆ. ಅದು ಸುತ್ತಿ ಸುತ್ತಿ ನಮ್ಮ ಮನೆಯವರೇ ಒಬ್ಬರ ಫೋನಿಗೆ ಹೋಯ್ತು. ಅವರಿಗೆ ಈಗ ಕೀಮೋ ನಡೀತಿದೆ. ಯಾರು ಅಂತ ಹೇಳಲ್ಲ, ಕೇಳಲೂ ಬೇಡಿ. ಮೊನ್ನೆ ಫೋನ್ ಮಾಡಿ, "ನಂಗೆ ಎದ್ದು ಬಚ್ಚಲಿಗೆ ಹೋಗೋಕೇ ಆಗ್ತಿಲ್ಲ ಕಣೆ. ನನ್ನ ಮನಸ್ಸೇ ಗಟ್ಟಿ ಇಲ್ಲ ಅನ್ಸತ್ತೆ, ಅಲ್ವಾ?" ಅಂದ್ರು.

ಇದಕ್ಕೇನು ಉತ್ತರ ಕೊಡ್ತೀರಿ, ಹೇಳಿ ನೋಡೋಣ.

ಜೇನ್ ಟಾಮ್‌ಲಿನ್‌ಸನ್ ಅಂತ ಲೀಡ್ಸ್‌ನಲ್ಲಿ ಒಬ್ಬರು ರೇಡಿಯೋಗ್ರಾಫರ್ ಇದ್ರು. 2000ದಲ್ಲಿ ಅವರ ಸ್ತನ ಕ್ಯಾನ್ಸರ್ ಮೈಯೆಲ್ಲ ಹರಡಿದೆ, ವಾಸಿ ಆಗಲ್ಲ ಅಂತ ಗೊತ್ತಾಯ್ತು. 2002ರಲ್ಲಿ ಇದೇ ಲಂಡನ್ ಮ್ಯಾರಥಾನ್ ಓಡಿದ್ರು. ಆಮೇಲೆ ಸೈಕಲ್ಲಿನಲ್ಲಿ ಅಮೆರಿಕಾನೇ ದಾಟಿದ್ರು. 17 ಲಕ್ಷ ಪೌಂಡಿಗೂ ಹೆಚ್ಚು ಎತ್ತಿದ್ರು. 2007ರ ಸೆಪ್ಟೆಂಬರ್ 3ಕ್ಕೆ ಒಂದು ಹಾಸ್ಪಿಸ್‌ನಲ್ಲಿ ತೀರಿಕೊಂಡ್ರು, ವಯಸ್ಸು 43. ಅವರಿಗಿಂತ ಗಟ್ಟಿ ಮನಸ್ಸು ಎಲ್ಲಿಂದ ತರ್ತೀರಿ? ಆದ್ರೂ ಕ್ಯಾನ್ಸರ್ ಓಡಿಹೋಗಲಿಲ್ಲ. ಓಡಿದ್ರೆ ವಾಸಿಯಾಗತ್ತೆ ಅಂತ ಅವರು ಓಡಿದ್ದಲ್ಲ.

ಕೀಮೋ ಸುಸ್ತು ಅಂದ್ರೆ ಗದ್ದೆ ನೆಟ್ಟಿ ಮಾಡಿ ಬಂದ ಸುಸ್ತಲ್ಲ, ಮಲಗಿ ಎದ್ರೂ ಹೋಗಲ್ಲ. ರಕ್ತ ಕಡಿಮೆ ಆಗಿರತ್ತೆ, ಅಂಗಾಲು ಜೋಮು ಹಿಡಿದಿರತ್ತೆ. ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧ ಒಂದಿದೆ, ಕೆಲವರಿಗೆ ಅದು ಹೃದಯಕ್ಕೇ ಪೆಟ್ಟು ಕೊಡತ್ತೆ. ಅಂಥವರು ಎಕೋ ಮಾಡಿಸದೆ, ಡಾಕ್ಟರನ್ನ ಕೇಳದೆ ಮ್ಯಾರಥಾನ್‌ಗೆ ಹೊರಟ್ರೆ ನಾನೇ ಶೂ ಬಚ್ಚಿಡ್ತೀನಿ. ಹಾಗಂತ ವ್ಯಾಯಾಮ ಬೇಡ ಅಂತಲ್ಲ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಆದ 889 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2025ರಲ್ಲಿ ಬಂತು. ಮೂರು ವರ್ಷ ಒಬ್ಬರು ಹಿಂದೆ ಬಿದ್ದು ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವರ್ಷದ ನಂತರ ಬದುಕಿದ್ದವರು ನೂರಕ್ಕೆ 90, ಬರೀ ಪುಸ್ತಕ ಕೊಟ್ಟು ಕಳಿಸಿದ ಗುಂಪಿನಲ್ಲಿ 83. ಅದಕ್ಕೆ ಮ್ಯಾರಥಾನೇ ಬೇಕಾಗಿಲ್ಲ, ಬಿರುಸಾಗಿ ನಡೆದ್ರೂ ಸಾಕು. ನೋಡಿ, ಅಲ್ಲೂ ಕೆಲಸ ಮಾಡಿದ್ದು ಬರೀ ಗಟ್ಟಿ ಮನಸ್ಸಲ್ಲ. ಆಪರೇಷನ್, ಔಷಧ, ಆಮೇಲೆ ಜೊತೆಗೆ ನಿಂತು ನಡೆಸೋ ಒಬ್ಬ ಮನುಷ್ಯ.

ನಮ್ಮ ಕಡೆ ಕ್ಯಾನ್ಸರ್ ಅನ್ನೋ ಹೆಸರೇ ಬಾಯಲ್ಲಿ ಬರಲ್ಲ, "ಆ ಕಾಯಿಲೆ" ಅಂತಾರೆ. ಮನೇಲಿ ಮದುವೆ ಮುಗೀಲಿ ಅಂತ ಗಂಟನ್ನ ಸೆರಗಲ್ಲಿ ಮುಚ್ಚಿಟ್ಕೊಂಡು ಓಡಾಡ್ತಾರೆ. ಎದೆ ಮೇಲೆ ಹೆಸರು ಬರ್ಕೊಂಡು ಬೀದೀಲಿ ಓಡೋ ಇಲ್ಲಿನವರನ್ನ ನಾನು ಹೊಗಳೋದು ಅದಕ್ಕೇ. ಮುಚ್ಚಿಡಲಿಲ್ಲ ಅಂತ. ಅದನ್ನ ಹಾಸಿಗೇಲಿ ಇರೋರಿಗೆ ಹೊಡೆಯೋ ಕೋಲು ಮಾಡ್ಕೋಬೇಡಿ.

ಆ ಫಾರ್ವರ್ಡ್ ಗ್ರೂಪಿನಲ್ಲಿ ಇನ್ನೂ ಇದೆ. ಹಾಕಿದವರು ಯಾರು ಅಂತ ನಂಗೆ ಗೊತ್ತು, ಸಂಜೆಯೊಳಗೆ ತೆಗೀರಿ. ಮತ್ತೆ ಮುಂದಿನ ಕೀಮೋ ಗುರುವಾರ ಇದೆ. ಬೆಳಿಗ್ಗೆ ಆರಕ್ಕೆ ಕಾರು ತಗೊಂಡು ಹೋಗೋಕೆ ಒಬ್ಬರು, ಸಂಜೆ ಗಂಜಿ ಮಾಡಿ ಕೊಡೋಕೆ ಒಬ್ಬರು ಬೇಕು. ಆಗೋರು ನಂಗೆ ಬೇರೆಯಾಗಿ ಮೆಸೇಜ್ ಮಾಡಿ.