ಅಮೀಬಾ ಯಾರ ಪಾಠ?

ಅಮೀಬಾದ ಚಿತ್ರವನ್ನು ಬರೆಯದ ವಿದ್ಯಾರ್ಥಿ ವಿರಳ. ಅದು ಚಲಿಸುವುದನ್ನು ಕಣ್ಣಾರೆ ಕಂಡವರು ಇನ್ನೂ ವಿರಳ. ಭೌತವಿಜ್ಞಾನವನ್ನು ಬೋಧಿಸುವ ನಾವೂ ಅದು ಜೀವವಿಜ್ಞಾನದವರ ಸೊತ್ತೆಂದು ಬಹುಕಾಲ ಸುಮ್ಮನಿದ್ದೆವು. ಅದು ನಮ್ಮ ತಪ್ಪೆಂದೇ ಈಗ ಹೇಳಬೇಕಾಗಿದೆ.

1755ರಲ್ಲಿ ಜರ್ಮನಿಯ ರೋಸೆಲ್ ಫಾನ್ ರೋಸೆನ್‌ಹಾಫ್ ಈ ಜೀವಿಯನ್ನು ವರ್ಣಿಸಿ, ಬಗೆಬಗೆಯ ರೂಪ ತಾಳುವ ಗ್ರೀಕ್ ಸಮುದ್ರದೇವತೆಯನ್ನು ನೆನೆದು ‘ಪುಟ್ಟ ಪ್ರೋಟಿಯಸ್’ ಎಂದು ಕರೆದರು. ಇದಕ್ಕೆ ಕಾಲುಗಳಿಲ್ಲ, ಬೇಕಾದೆಡೆ ಮಿಥ್ಯಾಪಾದವನ್ನು ಚಾಚಿ ಮುಂದುವರಿಯುತ್ತದೆ. ಅಂಚಿನ ಗಟ್ಟಿಯಾದ ಜೀವದ್ರವ್ಯವು ಹಿಂತುದಿಯಲ್ಲಿ ತೆಳುವಾಗಿ, ಒಳಗಿನಿಂದ ಮುಂದಕ್ಕೆ ಹರಿದು, ಮುಂತುದಿಯಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಈ ಪ್ರವಾಹಕ್ಕೆ ಕಾರಣವೇನು? ಹಿಂಭಾಗವು ಕುಗ್ಗಿ ದ್ರವವನ್ನು ತಳ್ಳುತ್ತದೆಂದು 1926ರಲ್ಲಿ ಮಾಸ್ಟ್ ವಾದಿಸಿದರು. ಮುಂತುದಿಯೇ ಕುಗ್ಗಿ ಸೆಳೆಯುತ್ತದೆಂದು 1961ರಲ್ಲಿ ಅಲೆನ್ ವಾದಿಸಿದರು. ಒತ್ತಡ, ಸ್ನಿಗ್ಧತೆ, ಬಲ ಇವುಗಳ ಅರಿವಿಲ್ಲದೆ ಇಂತಹ ವಾದವನ್ನು ತೂಗಿನೋಡುವುದು ಹೇಗೆ?

ಈ ಚಲನೆ ಕೊಳದ ನೀರಿಗಷ್ಟೇ ಸೀಮಿತವಲ್ಲ. ಕುಗ್ಗುವಿಕೆಗೆ ಕಾರಣವಾದ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳು ನಮ್ಮ ಸ್ನಾಯುಗಳಲ್ಲಿಯೂ ಇವೆ. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ತೆವಳಿಹೋಗಿ ರೋಗಾಣುಗಳನ್ನು ನುಂಗುತ್ತವೆ.

ಆದುದರಿಂದ, ವಿದ್ಯಾರ್ಥಿಮಿತ್ರರೆ, ಪುಸ್ತಕದ ನಿಶ್ಚಲಚಿತ್ರದಿಂದ ತೃಪ್ತರಾಗಬೇಡಿ. ಕೊಳದ ತಳದ ಕೊಳೆತ ಎಲೆಯಿಂದ ಹನಿ ನೀರನ್ನು ತಂದು ಸೂಕ್ಷ್ಮದರ್ಶಕದಡಿ ತಾಳ್ಮೆಯಿಂದ ಹುಡುಕಿರಿ. ಅಮೀಬಾ ಕಂಡರೆ, ಗಡಿಯಾರ ಹಿಡಿದು ನಿಮಿಷಕ್ಕೊಮ್ಮೆ ಅದರ ಆಕಾರವನ್ನೂ ಸ್ಥಾನವನ್ನೂ ಗುರುತಿಸಿ, ವೇಗವನ್ನು ಲೆಕ್ಕಹಾಕಿರಿ. ಆ ದಿನ ಭೌತವಿಜ್ಞಾನದ ಅಧ್ಯಾಪಕರನ್ನೂ ಪ್ರಯೋಗಶಾಲೆಗೆ ಕರೆಯಿರಿ. ನಾವೂ ಕಲಿಯಬೇಕಾದುದು ಬಹಳವಿದೆ.